ಹುಟ್ಟುಕಥೆಯ ಹಂಗು: ಚಿತ್ರಕಥೆಯ ವೀರರು ಮತ್ತು ಕುಂದಾಪುರ ಸೀಮೆಯ ದೈವಗಳು

ಸೂಪರ್‌ಹೀರೋಗಳೆಂದು ಕರೆಯಲಾಗುವ ಅತಿಮಾನವ ವೀರರ ಚಿತ್ರಕಥೆಗಳಲ್ಲಿ ಓದುಗರ ಮನಸ್ಸಿನಲ್ಲಿ ಉಳಿಯುವುದು ಅವರ ಸಾಹಸಗಳಿಗಿಂತ ಹೆಚ್ಚಾಗಿ ಅವರ ಹುಟ್ಟುಕಥೆ. 1938ರಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್, ನಾಶವಾಗುತ್ತಿದ್ದ ಗ್ರಹವೊಂದರಿಂದ ಹೆತ್ತವರು ಭೂಮಿಗೆ ಕಳುಹಿಸಿದ ಕೂಸು. 1939ರ ಬ್ಯಾಟ್‌ಮನ್ ತಂದೆತಾಯಿಯರ ಕೊಲೆಯನ್ನು ಕಣ್ಣಾರೆ ಕಂಡ ಬಾಲಕ. 1962ರ ಸ್ಪೈಡರ್‌ಮ್ಯಾನ್ ತಾನು ತಡೆಯಬಹುದಾಗಿದ್ದ ಕಳ್ಳನನ್ನು ಹೋಗಗೊಟ್ಟು, ಅದೇ ಕಳ್ಳನ ಕೈಯಲ್ಲಿ ಸಾಕಿದ ದೊಡ್ಡಪ್ಪನನ್ನು ಕಳೆದುಕೊಂಡ ತರುಣ. ಇಂತಹ ಕಥೆಗಳಿಗೂ ಪ್ರಾಚೀನ ವೀರಗಾಥೆಗಳಿಗೂ ಇರುವ ಹೋಲಿಕೆ ಎದ್ದುಕಾಣುವಂಥದು. ವೀರನ ಜನನವನ್ನು ಕುರಿತು ಆಟೊ ರಾಂಕ್ 1909ರಲ್ಲಿ, ಲಾರ್ಡ್ ರ‍್ಯಾಗ್ಲನ್ 1936ರಲ್ಲಿ ನಡೆಸಿದ ಅಧ್ಯಯನಗಳು ಜಾನಪದ ವಿದ್ಯಾರ್ಥಿಗಳಿಗೆ ಪರಿಚಿತ. ರ‍್ಯಾಗ್ಲನ್ ಪಟ್ಟಿ ಮಾಡಿದ 22 ಅಂಶಗಳಲ್ಲಿ ಕೆಲವನ್ನಾದರೂ ಸೂಪರ್‌ಮ್ಯಾನ್‌ನಲ್ಲಿ ಗುರುತಿಸುವುದು ಕಷ್ಟವಲ್ಲ. ಆದರೆ ಈ ಬಗೆಯ ಅಳತೆಗೋಲು ಹೋಲಿಕೆಯನ್ನಷ್ಟೇ ಅಳೆಯುತ್ತದೆ. ಹುಟ್ಟುಕಥೆಯು ಅದನ್ನು ಹೇಳುವ ಸಮುದಾಯದಲ್ಲಿ ಏನು ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಅದರ ಹಿಡಿತಕ್ಕೆ ಬರುವುದಿಲ್ಲ. ಪ್ರಸ್ತುತ ಲೇಖನವು ಆ ಪ್ರಶ್ನೆಯನ್ನು ಕುಂದಾಪುರ ಸೀಮೆಯ ನೆಲೆಯಿಂದ ಪರಿಶೀಲಿಸುತ್ತದೆ.

ಕನ್ನಡ ಓದುಗರಿಗೆ ಮುಸುಕುಧಾರಿ ವೀರನನ್ನು ಪರಿಚಯಿಸಿದ್ದರಲ್ಲಿ 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮಾಲೆಯ ಫ್ಯಾಂಟಮ್‌ಗೆ ಮುಖ್ಯ ಸ್ಥಾನವಿದೆ. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಈ ವೀರನ ಮೂಲ 1536ಕ್ಕೆ ಹೋಗುತ್ತದೆ. ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡು ದಡ ಸೇರಿದ ತರುಣನೊಬ್ಬ, ತಂದೆಯನ್ನು ಕೊಂದವನ ತಲೆಬುರುಡೆಯ ಮೇಲೆ ಆಣೆಯಿಡುತ್ತಾನೆ. ಅಲ್ಲಿಂದ ಮುಂದೆ ತಂದೆಯಿಂದ ಮಗನಿಗೆ ಮುಸುಕು ಇಳಿದು ಬರುತ್ತದೆ. ಕಾಡಿನ ಜನ ಮಾತ್ರ ಅವನನ್ನು ಸಾವಿಲ್ಲದ ಒಬ್ಬನೇ ವ್ಯಕ್ತಿಯೆಂದು ನಂಬುತ್ತಾರೆ.

ವೇಷವು ಪೀಳಿಗೆಯಿಂದ ಪೀಳಿಗೆಗೆ ಇಳಿಯುವ ಕ್ರಮ ಕುಂದಾಪುರದವರಿಗೆ ಹೊಸದಲ್ಲ. ಇಲ್ಲಿನ ಕೋಲಗಳಲ್ಲಿ ದೈವದ ವೇಷ ಕಟ್ಟುವ ಪಾಣರ ಕಸುಬೂ ವಂಶಪಾರಂಪರ್ಯವಾಗಿ ಬಂದದ್ದು. ಆದರೆ ಎರಡರ ನಡುವೆ ಮೂಲಭೂತವಾದ ವ್ಯತ್ಯಾಸವಿದೆ. ಫ್ಯಾಂಟಮ್‌ನ ಶಕ್ತಿ ಗುಟ್ಟಿನಲ್ಲಿದೆ. ಮುಸುಕಿನ ಹಿಂದಿನ ಮುಖ ತಿಳಿದರೆ ಕಥೆಯೇ ಮುಗಿಯುತ್ತದೆ. ಇಲ್ಲಿ ಬಣ್ಣ ಬಳಿದುಕೊಳ್ಳುವುದು, ಅಣಿ ಏರಿಸುವುದು, ಗಗ್ಗರ ಕಟ್ಟುವುದು ಎಲ್ಲವೂ ಊರವರ ಅರಿವಿನಲ್ಲೇ ನಡೆಯುತ್ತವೆ. ವೇಷದೊಳಗಿನವನು ಯಾರ ಮಗ, ಯಾವ ಮನೆಯವನು ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಊರಿನ ಯಜಮಾನ ಅವನೆದುರು ಕೈಮುಗಿದು ನಿಲ್ಲುತ್ತಾನೆ. ಆದ್ದರಿಂದ ಇಲ್ಲಿ ಅಧಿಕಾರ ಬರುವುದು ಗುಟ್ಟಿನಿಂದಲ್ಲ, ಸಮುದಾಯದ ಒಪ್ಪಿಗೆಯಿಂದ. ಆ ಒಪ್ಪಿಗೆಗೆ ಆಧಾರವಾಗಿರುವುದೇ ಹುಟ್ಟುಕಥೆ.

ಕೊಲ್ಲೂರಿನ ಸ್ಥಳಕಥೆಯನ್ನು ಈ ದೃಷ್ಟಿಯಿಂದ ಗಮನಿಸಬಹುದು. ಶಿವನಿಂದ ವರ ಬೇಡಲು ತಪಸ್ಸಿಗೆ ಕುಳಿತ ಕೌಮಾಸುರನನ್ನು ದೇವಿ ಮೂಕನನ್ನಾಗಿಸುತ್ತಾಳೆ; ವರ ಕೇಳುವ ಗಳಿಗೆಯಲ್ಲಿ ಅವನಿಗೆ ಮಾತೇ ಹೊರಡುವುದಿಲ್ಲ. ಹೀಗೆ ಮೂಕಾಸುರನಾದವನನ್ನು ಕೊಂದ ದೇವಿ ಮೂಕಾಂಬಿಕೆಯಾಗುತ್ತಾಳೆ. ಅವನು ಹತನಾದ ಸ್ಥಳವೇ ಮಾರಣಕಟ್ಟೆ ಎಂಬುದು ಜನರ ನಂಬಿಕೆ. ಚಿತ್ರಕಥೆಯ ಜಗತ್ತಿನಲ್ಲಿ ವೀರನ ಹೆಸರು ಅವನ ಶಕ್ತಿಯನ್ನೋ ವೇಷವನ್ನೋ ಸೂಚಿಸುತ್ತದೆ. ಇಲ್ಲಿ ದೇವಿಯ ಹೆಸರಿನಲ್ಲೇ ಸೋತವನ ಗುರುತು ಉಳಿದಿದೆ, ಅವನು ಸತ್ತ ನೆಲವೂ ಯಾತ್ರಾಸ್ಥಳವಾಗಿದೆ. ಗೆದ್ದವರ ಕಥೆ ಸೋತವರನ್ನು ಅಳಿಸಿಹಾಕಲಿಲ್ಲವೆಂಬುದು ಈ ಆಖ್ಯಾನದ ದೊಡ್ಡತನ.

ದೈವಗಳ ಕಥೆಗಳಿಗೆ ಬಂದರೆ ಈ ಅಂಶ ಇನ್ನಷ್ಟು ತೀಕ್ಷ್ಣವಾಗುತ್ತದೆ. ಕರಾವಳಿಯ ಮೊಗವೀರರು ನಂಬಿಕೊಂಡು ಬಂದ ಬೊಬ್ಬರ್ಯನನ್ನು, ಹಲವು ಪಾಠಾಂತರಗಳ ಪ್ರಕಾರ, ಮುಸ್ಲಿಂ ವ್ಯಾಪಾರಿಗೆ ಜೈನ ಮೂಲದ ಹೆಣ್ಣಿನಲ್ಲಿ ಹುಟ್ಟಿದವನೆಂದು ಹೇಳಲಾಗುತ್ತದೆ. ಕಡಲಿನಲ್ಲಿ ಮಡಿದ ಅವನು ಕಡಲಿಗಿಳಿಯುವವರನ್ನು ಕಾಯುವ ದೈವವಾದ. ನೆರೆಯ ತುಳು ಸೀಮೆಯ ಕಲ್ಕುಡ-ಕಲ್ಲುರ್ಟಿ ಪಾಡ್ದನದಲ್ಲಿ, ಕಾರ್ಕಳದ ಗೊಮ್ಮಟನನ್ನು ಕಡೆದ ಬೀರ ಕಲ್ಕುಡನು ಬೇರೆಲ್ಲಿಯೂ ಅಂಥ ವಿಗ್ರಹ ಕಡೆಯಬಾರದೆಂದು ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸುತ್ತಾನೆ. ಶಿಲ್ಪಿ ಉಳಿದ ಕೈಯಿಂದಲೇ ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ಅಣ್ಣತಂಗಿಯರು ದೈವಗಳಾಗಿ ಅರಸನನ್ನು ಕಾಡುತ್ತಾರೆ. ಚರಿತ್ರೆಯ ಪ್ರಕಾರ ಕಾರ್ಕಳದ ವಿಗ್ರಹ 1432ರದು, ವೇಣೂರಿನದು 1604ರದು. 172 ವರ್ಷಗಳ ಅಂತರವನ್ನು ಪಾಡ್ದನ ಒಬ್ಬನೇ ಶಿಲ್ಪಿಯ ಬಾಳಿನೊಳಗೆ ತಂದಿರಿಸುತ್ತದೆ. ಇದನ್ನು ಕಾಲದ ಗೊಂದಲವೆಂದು ತಳ್ಳಿಹಾಕಲಾಗದು. ಶಾಸನದಲ್ಲಿ ಮಾಡಿಸಿದ ಅರಸನ ಹೆಸರಿದೆ. ಕಡೆದ ಕೈಯ ಲೆಕ್ಕವನ್ನು ಇಟ್ಟುಕೊಂಡದ್ದು ಪಾಡ್ದನ.

ಬ್ಯಾಟ್‌ಮನ್‌ಗೂ ಕಲ್ಕುಡನಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಇಬ್ಬರ ಕಥೆಯೂ ಅನ್ಯಾಯದಿಂದಲೇ ಆರಂಭವಾಗುತ್ತದೆ. ಆದರೆ ಬ್ಯಾಟ್‌ಮನ್‌ನ ಗಾಯ ಅವನ ಸ್ವಂತದ್ದು. ನಗರವನ್ನು ಕಾಯುವ ಪ್ರತಿಜ್ಞೆ ಅವನು ತಾನಾಗಿ ಕೈಗೊಂಡದ್ದು. ನಗರ ಅವನಿಗೆ ಏನನ್ನೂ ಸಲ್ಲಿಸಬೇಕಾಗಿಲ್ಲ. ಕಲ್ಕುಡನ ಗಾಯ ಮಾತ್ರ ಅಧಿಕಾರಸ್ಥರ ಮೇಲೆ ಹೊರಿಸಿದ ಋಣ. ಮೊದಲ ಬಗೆಯ ಕಥೆ ‘ಇವನಿಗೆ ಶಕ್ತಿ ಹೇಗೆ ಬಂತು?’ ಎಂಬುದಕ್ಕೆ ಉತ್ತರ ಕೊಡುತ್ತದೆ. ಎರಡನೆಯದು ‘ನಾವು ಇವನಿಗೆ ಏಕೆ ನಡೆದುಕೊಳ್ಳಬೇಕು?’ ಎಂಬುದಕ್ಕೆ. ಒಂದು ವೀರನ ಪರಿಚಯ, ಇನ್ನೊಂದು ಊರಿನ ಮೇಲಿನ ಹಂಗು.

ನಮ್ಮ ಕಥೆಗಳನ್ನು ಚಿತ್ರಕಥೆಗೆ ತಂದ ಅಮರ ಚಿತ್ರಕಥಾ ಮಾಲೆಯ ಅನಂತ ಪೈ (1929–2011) ಹುಟ್ಟಿದ್ದು ಕಲ್ಕುಡನ ಕಥೆಯ ಊರಾದ ಕಾರ್ಕಳದಲ್ಲೇ. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದ ಪಾಶ್ಚಾತ್ಯ ಕಥೆಗಳಾಗಿದ್ದವು. ಇಂಗ್ಲಿಷಿನಲ್ಲಿ ‘ಕೃಷ್ಣ’ನಿಗೆ ಹನ್ನೊಂದನೆಯ ಸಂಖ್ಯೆ ದೊರೆತದ್ದು ಅದರಿಂದಲೇ. ಪುರಾಣ ಚರಿತ್ರೆಗಳನ್ನು ಮಕ್ಕಳಿಗೆ ತಲುಪಿಸಿದ ಈ ಮಾಲೆಯ ಉಪಕಾರ ದೊಡ್ಡದು. ಆದರೆ ಕೆಲವೇ ಪುಟಗಳ ಚೌಕಟ್ಟುಗಳಲ್ಲಿ ಒಂದೇ ಪಾಠ ನಿಲ್ಲಬಲ್ಲದು. ಹಾಡುವವರು ಬದಲಾದಂತೆ ಬದಲಾಗುವ ಪಾಠಾಂತರಗಳಿಗೆ, ಕೇಳುವವರಿಂದ ಉತ್ತರ ಬೇಡುವ ನುಡಿಗೆ ಅಲ್ಲಿ ಎಡೆಯಿಲ್ಲ.

ಇದೇ ಪ್ರಶ್ನೆಯನ್ನು ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿ ಅವರ ಚಿತ್ರಗಳು ಹೊಸದಾಗಿ ಎತ್ತಿವೆ. 2022ರ ‘ಕಾಂತಾರ’ದ ಹುಟ್ಟುಕಥೆ ಒಂದು ಕರಾರು: ನೆಮ್ಮದಿಗಾಗಿ ದೈವವನ್ನು ಕೊಂಡೊಯ್ದ ಅರಸ ಬದಲಿಗೆ ಜನರಿಗೆ ಭೂಮಿ ಬಿಟ್ಟುಕೊಡುತ್ತಾನೆ; ವಂಶಸ್ಥರು ಮಾತು ಮುರಿಯುತ್ತಾರೆ. ಭೂಮಿಯ ಋಣವನ್ನು ಕೇಂದ್ರದಲ್ಲಿರಿಸಿದ್ದರಿಂದ ಈ ಕಥನ ಪಾಡ್ದನದ ಧರ್ಮಕ್ಕೆ ಹತ್ತಿರವಾಗಿದೆ. 2025ರ ಅಕ್ಟೋಬರ್ 2ರಂದು ತೆರೆಕಂಡ ‘ಕಾಂತಾರ ಅಧ್ಯಾಯ 1’ ಮೂಲಕಥೆಯನ್ನು ಹೇಳಲು ಕದಂಬರ ಕಾಲಕ್ಕೆ ಹೋಗುತ್ತದೆ. ಅಲ್ಲಿ ಬೆರ್ಮೆ ಎಂಬ ವೀರನ ಆವೇಶ ಮತ್ತು ಕಾದಾಟಗಳದೇ ಮೇಲುಗೈ. ದೃಶ್ಯವೈಭವದಲ್ಲಿ ಹಿರಿದಾದ ಈ ಚಿತ್ರ, ಹುಟ್ಟುಕಥೆಯ ಕಲ್ಪನೆಯಲ್ಲಿ ಅತಿಮಾನವ ವೀರನ ಮಾದರಿಯತ್ತ ವಾಲಿದೆ. ಮೊದಲ ಚಿತ್ರದಿಂದ ಹೊರಬಂದ ಪ್ರೇಕ್ಷಕ ‘ಆ ಭೂಮಿ ಯಾರದು?’ ಎಂದು ಕೇಳಿಕೊಳ್ಳಬೇಕಾಗುತ್ತದೆ. ಎರಡನೆಯದರಲ್ಲಿ ಬೆರಗುಗೊಂಡರೆ ಸಾಕು.

ಬೆರಗು ಹೆಚ್ಚಿ ಹಂಗು ಕಡಿಮೆಯಾದರೆ ನಷ್ಟ ಯಾರಿಗೆ ಎಂಬುದು ಕೇವಲ ಸಾಹಿತ್ಯಕ ಪ್ರಶ್ನೆಯಲ್ಲ. ‘ಕಾಂತಾರ’ ತೆರೆಕಂಡ ಕೆಲವೇ ವಾರಗಳಲ್ಲಿ, 2022ರ ಅಕ್ಟೋಬರ್‌ನಲ್ಲಿ, 60 ವರ್ಷ ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ರಾಜ್ಯ ಸರ್ಕಾರ ಘೋಷಿಸಿತು. ತಲೆತಲಾಂತರದಿಂದ ಊರಿನ ಹುಟ್ಟುಕಥೆಗಳನ್ನು ಕಾಪಾಡಿದವರು ವೃದ್ಧಾಪ್ಯದಲ್ಲಿ ಯಾವ ಸ್ಥಿತಿಯಲ್ಲಿದ್ದಾರೆ ಎಂಬುದಕ್ಕೆ ಆ ಘೋಷಣೆಯೇ ಸಾಕ್ಷಿ. ಕೋಲದ ಒಂದು ರಾತ್ರಿ ಅವರ ಬಾಯಿಂದ ಬರುವ ನುಡಿಗೆ ಯಜಮಾನರು ಉತ್ತರಿಸಲೇಬೇಕು. ಉಳಿದ ದಿನಗಳಲ್ಲಿ ಅವರ ಮಾತಿಗೆ ಅಂತಹ ಬಲವಿಲ್ಲ. ದೈವವನ್ನು ‘ನಮ್ಮ ಸೂಪರ್‌ಹೀರೋ’ ಎಂದು ಅಭಿಮಾನದಿಂದ ಕರೆಯುವಾಗ, ಆ ಒಂದು ರಾತ್ರಿಯ ಬಲವನ್ನೂ ಕಳೆಯುತ್ತಿದ್ದೇವೆಯೇ ಎಂಬ ಎಚ್ಚರ ಬೇಕು. ಸೂಪರ್‌ಹೀರೋವನ್ನು ಮೆಚ್ಚಿದರೆ ಸಾಕಾಗುತ್ತದೆ. ದೈವಕ್ಕೆ ಕೊಟ್ಟ ಮಾತನ್ನು ನಡೆಸಿಕೊಡಬೇಕಾಗುತ್ತದೆ.