ಒಂದೇ ಕಲ್ಲು, ಐದು ಅಧ್ಯಾಯ

ಕರ್ನಾಟಕದ ಅರಸುಮನೆತನಗಳ ಮೇಲೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿದ್ಧವಾದ ಪಿಎಚ್.ಡಿ. ಪ್ರಬಂಧಗಳ ಪರಿವಿಡಿ ಹೆಚ್ಚುಕಡಿಮೆ ಒಂದೇ. ಮೊದಲು ಆಕರಗಳು, ಆಮೇಲೆ ರಾಜಕೀಯ ಇತಿಹಾಸ, ಆಡಳಿತ ಮತ್ತು ಸೈನ್ಯ, ಆರ್ಥಿಕ ಸ್ಥಿತಿ, ಸಮಾಜ, ಧರ್ಮ, ಕೊನೆಗೆ ಸಾಹಿತ್ಯ ಮತ್ತು ವಾಸ್ತುಶಿಲ್ಪ. ಮನೆತನ ಬದಲಾದರೂ ಖಾನೆಗಳು ಬದಲಾಗುವುದಿಲ್ಲ. ಸಂಶೋಧನಾರ್ಥಿ ಶಾಸನಗಳನ್ನು ಓದಿ ಟಿಪ್ಪಣಿ ಮಾಡಿಕೊಳ್ಳುತ್ತಾನೆ, ಟಿಪ್ಪಣಿಗಳನ್ನು ಖಾನೆಗಳಿಗೆ ಹಂಚುತ್ತಾನೆ, ಮಾರ್ಗದರ್ಶಕರು ಒಪ್ಪುತ್ತಾರೆ, ವೈವಾ ಮುಗಿಯುತ್ತದೆ. ಈ ಪದ್ಧತಿಯ ಬಗ್ಗೆ ನನಗಿರುವ ತಕರಾರು ಒಂದೇ. ಅಧಿಕಾರ ಅನ್ನುವುದು ನಮ್ಮ ನಾಡಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೇಳಬಲ್ಲ ಕಲ್ಲುಗಳು ಇಲ್ಲಿ ರಾಶಿರಾಶಿ ಇವೆ. ಈ ಖಾನೆಗಳು ಅವುಗಳ ಮಾತನ್ನು ಅರ್ಧಕ್ಕೇ ತಡೆಯುತ್ತವೆ.

ಈ ಪರಂಪರೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1882ರಲ್ಲಿ ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದಾಗ ಯಾರ ನಂತರ ಯಾರು ಆಳಿದರು ಎಂಬುದೇ ಸ್ಪಷ್ಟವಿರಲಿಲ್ಲ. 1886ರಿಂದ ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 12 ಸಂಪುಟಗಳಲ್ಲಿ 8,000ಕ್ಕೂ ಹೆಚ್ಚು ಶಾಸನಗಳು ಬಂದವು. ಇಷ್ಟು ಸಾಮಗ್ರಿ ಒಮ್ಮೆಲೇ ಕೈಗೆ ಬಂದಾಗ ಅದನ್ನು ಮೊದಲು ಕಾಲಾನುಕ್ರಮಕ್ಕೆ ತರಲೇಬೇಕಿತ್ತು. ಮೊರೇಸ್ ಅವರ 'ಕದಂಬ ಕುಲ' (1931), ಅಳ್ತೇಕರರ ರಾಷ್ಟ್ರಕೂಟರ ಚರಿತ್ರೆ (1934), ಅದೇ ವರ್ಷ ಬಂದ ಸಾಲೆತೊರೆಯವರ ವಿಜಯನಗರದ ಎರಡು ಸಂಪುಟಗಳು ಆ ಕೆಲಸ ಮಾಡಿದವು. ಇವುಗಳ ಹಿಂದೆ ಇದ್ದ ದುಡಿಮೆಯನ್ನು ನೆನೆದರೆ ಇಂದಿಗೂ ಗೌರವ ಮೂಡುತ್ತದೆ. ಆದರೆ ಮೊದಲ ತಲೆಮಾರಿಗೆ ಅನಿವಾರ್ಯವಾಗಿದ್ದ ವಿಂಗಡಣೆ ಮುಂದಿನವರಿಗೆ ಶಾಸ್ತ್ರವಾಗಿಬಿಟ್ಟಿತು. ಕಾಲಾನುಕ್ರಮ ಗಟ್ಟಿಯಾದ ಮೇಲೂ ಖಾನೆ ಕಳಚಲಿಲ್ಲ.

ಆತಕೂರಿನ ಕಲ್ಲನ್ನು ನೋಡಿ. ಮದ್ದೂರು ತಾಲ್ಲೂಕಿನಲ್ಲಿದ್ದ ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ 949-50. ರಾಜಕೀಯ ಇತಿಹಾಸದ ಅಧ್ಯಾಯದಲ್ಲಿ ಇದಕ್ಕೆ ಖಾಯಂ ಜಾಗವಿದೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ನಿಂತ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಪ್ರತಿಯಾಗಿ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳು ಸಿಕ್ಕಿದ್ದು ಗೊತ್ತಾಗುವುದು ಇಲ್ಲಿಂದಲೇ. ಆದರೆ ಈ ಕಲ್ಲು ನಿಂತಿರುವುದು ಆ ಯುದ್ಧಕ್ಕಾಗಿ ಅಲ್ಲ. ಬೂತುಗನ ಕಡೆಯ ವೀರ ಮಣಲೆರ ಯುದ್ಧದಲ್ಲಿ ಮೆರೆದಾಗ ಒಡೆಯ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಅಲ್ಲಿನ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದು ಎಂದು ಕಟ್ಟು ಮಾಡಿದರು.

ಒಂದು ದಂಡಯಾತ್ರೆ, ನಾಡುಗಳ ಹಂಚಿಕೆ, ಆಳು ಒಡೆಯರ ನಡುವಿನ ಮೆಚ್ಚುಗೆ, ಶೈವ ಪೂಜಾರಿಯ ದಿನದ ಊಟ, ಗದ್ದೆಯ ಆದಾಯ, ಎಲ್ಲ ಒಂದೇ ಕಲ್ಲಿನ ಮೇಲೆ ಇವೆ. ಇವನ್ನು ಒಟ್ಟಿಗೆ ಹಿಡಿದಿರುವುದು ಯಾವುದು? ಯುದ್ಧದ ಋಣವನ್ನು ಗುಡಿಯ ಅಂಗಳಕ್ಕೆ ತಂದು ಪೂಜೆಯ ಕಟ್ಟಳೆಯಾಗಿ ಮಾಡಿದರೆ ಮಾತ್ರ ಅದು ತಲೆಮಾರು ದಾಟುತ್ತದೆ ಎಂಬ ತಿಳಿವಳಿಕೆ ಈ ಕಲ್ಲಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಪ್ರಬಂಧಗಳಲ್ಲಿ ಆಗುವುದೇನು? ತಕ್ಕೋಲ ಎರಡನೆಯ ಅಧ್ಯಾಯಕ್ಕೆ ಹೋಗುತ್ತದೆ, ನಾಯಿ ಸಮಾಜದ ಅಧ್ಯಾಯದಲ್ಲಿ ಒಂದು ಕುತೂಹಲದ ಸಂಗತಿಯಾಗುತ್ತದೆ, ಗೊರವ ಧರ್ಮದ ಅಧ್ಯಾಯದ ಪಟ್ಟಿಗೆ ಸೇರುತ್ತಾನೆ.

ಇನ್ನೂ ದೊಡ್ಡ ನಷ್ಟವಾಗಿರುವುದು 1368ರ ಶ್ರವಣಬೆಳಗೊಳದ ಬುಕ್ಕನ ಶಾಸನಕ್ಕೆ. ಇದರಷ್ಟು ಹೆಸರುವಾಸಿಯಾದ ಶಾಸನಗಳು ಕಡಿಮೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಎರಡು ದರ್ಶನಗಳಿಗೂ ಭೇದವಿಲ್ಲ ಎಂದ, ಇದು ವಿಜಯನಗರದ ಧಾರ್ಮಿಕ ಸಹಿಷ್ಣುತೆಗೆ ಸಾಕ್ಷಿ: ಶಾಲೆಯ ಪಠ್ಯದಿಂದ ಹಿಡಿದು ಮಹಾಪ್ರಬಂಧದವರೆಗೆ ಇದೇ ಮಾತು. ಮಾತು ಸುಳ್ಳಲ್ಲ. ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ರಾಜ್ಯದಲ್ಲಿರುವ ಜೈನರೆಲ್ಲ ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಅದನ್ನು ಶ್ರೀವೈಷ್ಣವನಾದ ತಿರುಮಲೆಯ ತಾತಯ್ಯ ಎತ್ತಬೇಕು. ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ದೂರು ಕೊಟ್ಟವರು ಜೈನರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಜೈನರು ಸೇರಿಕೊಂಡು ಅರಸನ ಬಳಿ ಹೋದವರು. ತೀರ್ಮಾನದಲ್ಲಿ ಹಣ ಕೊಡುವವರೂ ಅವರೇ. ಹಣ ಎತ್ತುವವನು ಎದುರು ಪಕ್ಷದವನು. ಜೈನರ ದೇವರನ್ನು ಕಾಯುವ ಆಳುಗಳನ್ನು ನೇಮಿಸುವವರು ವೈಷ್ಣವರು. ಅರಸನ ಖಜಾನೆಯಿಂದ ಒಂದು ಹಣವೂ ಹೋಗದೆ, ಒಬ್ಬ ಸೈನಿಕನೂ ಕದಲದೆ, ನಾಡಿನ ಉದ್ದಗಲಕ್ಕೂ ಒಂದು ಹೊಸ ವಂತಿಗೆ ಜಾರಿಯಾಯಿತು, ಒಂದು ಕಾವಲುಪಡೆ ಹುಟ್ಟಿತು, ಎರಡು ಧರ್ಮಗಳ ಪ್ರಮುಖರೂ ಅರಸನ ಮಾತಿಗೆ ಹೊಣೆಯಾದರು. ಇದು ಸಹಿಷ್ಣುತೆಯೂ ಹೌದು, ತೆರಿಗೆಯ ವ್ಯವಸ್ಥೆಯೂ ಹೌದು, ಕಾವಲಿನ ಏರ್ಪಾಡೂ ಹೌದು. ಧರ್ಮದ ಖಾನೆಯಲ್ಲಿ ಮಾತ್ರ ಇಟ್ಟರೆ ಬುಕ್ಕ ಒಬ್ಬ ಸಜ್ಜನನಾಗಿ ಕಾಣುತ್ತಾನೆ. ಪೂರ್ತಿಯಾಗಿ ಓದಿದರೆ ಅವನು ರಾಜ್ಯ ಕಟ್ಟುತ್ತಿರುವವನಾಗಿ ಕಾಣುತ್ತಾನೆ. ಇತಿಹಾಸದ ವಿದ್ಯಾರ್ಥಿಗೆ ಬೇಕಾದವನು ಈ ಎರಡನೆಯ ಬುಕ್ಕ.

ವಿಜಯನಗರದ ವಿಷಯದಲ್ಲಿ ಖಾನೆಗಳ ಜೊತೆಗೆ ಅಭಿಮಾನವೂ ಸೇರಿಕೊಂಡಿತು. ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ' (1917) ಹಚ್ಚಿದ ಉತ್ಸಾಹದಲ್ಲೇ 1936ರಲ್ಲಿ ಧಾರವಾಡದಿಂದ ಸಾಮ್ರಾಜ್ಯದ ಆರುನೂರನೆಯ ವರ್ಷದ ಸ್ಮರಣ ಸಂಪುಟ ಬಂತು. ಏಕೀಕರಣಕ್ಕಾಗಿ ಹಂಬಲಿಸುತ್ತಿದ್ದ ಜನಕ್ಕೆ ಆ ಇತಿಹಾಸ ಬಲ ಕೊಟ್ಟಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಸಂಶೋಧನೆಯ ಪ್ರಶ್ನೆಗಳು ಕಿರಿದಾದವು. ಹರಿಹರ ಬುಕ್ಕರು ಕನ್ನಡಿಗರೋ ತೆಲುಗರೋ, ಶೃಂಗೇರಿ ಮಠದ ವಿದ್ಯಾರಣ್ಯರು ಸಾಮ್ರಾಜ್ಯ ಸ್ಥಾಪಿಸಿದರೋ ಇಲ್ಲವೋ ಎಂಬುದರ ಸುತ್ತಲೇ ದಶಕಗಟ್ಟಲೆ ವಾದ ನಡೆಯಿತು. ಫಾದರ್ ಹೆರಾಸ್ 1929ರಲ್ಲೇ ಸ್ಥಾಪನೆಯ ಕಥೆ ಶೃಂಗೇರಿಯಲ್ಲಿ ಆಮೇಲೆ ಹುಟ್ಟಿದ್ದು ಎಂದು ವಾದಿಸಿದ್ದರು. 1980ರ ದಶಕದಲ್ಲಿ ಜರ್ಮನಿಯ ಹರ್ಮನ್ ಕುಲ್ಕೆ ಅದೇ ಪ್ರಶ್ನೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರು: ಮಠ ಅರಸನಿಗೆ ಏನು ಕೊಟ್ಟಿತು, ಅರಸ ಮಠಕ್ಕೆ ಏನು ಕೊಟ್ಟ? 1346ರಲ್ಲಿ ಹರಿಹರ ತಮ್ಮಂದಿರೊಡನೆ ಶೃಂಗೇರಿಗೆ ಬಂದು ಭೂಮಿ ಬಿಟ್ಟದ್ದು ವಿದ್ಯಾರಣ್ಯರಿಗಲ್ಲ, ಆ ಮಠದ ಭಾರತೀತೀರ್ಥರಿಗೆ ಎಂಬುದನ್ನು ಶಾಸನವೇ ಹೇಳುತ್ತದೆ. ಸ್ಥಾಪಕ ಯಾರು ಎಂಬ ಜಗಳಕ್ಕಿಂತ, ಆಗಷ್ಟೇ ತಲೆಯೆತ್ತುತ್ತಿದ್ದ ಸಹೋದರರು ಮಲೆನಾಡಿನ ಒಂದು ಮಠಕ್ಕೆ ಒಟ್ಟಾಗಿ ಹೋದದ್ದು ಯಾಕೆ ಎಂಬ ಪ್ರಶ್ನೆ ಎಷ್ಟೋ ಫಲವತ್ತಾದದ್ದು.

ಖಾನೆ ಒಡೆಯುವ ಬಲ ಇದೇ ಪರಂಪರೆಯ ಒಳಗೂ ಇತ್ತು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪುಸ್ತಕವಾಗಿ ಬಂದ ಪಿಎಚ್.ಡಿ. ಪ್ರಬಂಧವೇ. ಅದೂ ವಿಷಯವಾರು ವಿಂಗಡಣೆಯದೇ, ನಿಜ. ಆದರೆ ಒಡೆಯನಿಗಾಗಿ ಪ್ರಾಣ ಬಿಡುವ ವೇಳೆವಾಳಿಗಳ ಬಗ್ಗೆ ಅವರು ಬರೆದಾಗ ಸೈನ್ಯ, ನಿಷ್ಠೆ, ವ್ರತ ಮೂರೂ ಒಂದೇ ಆಗಿ ಕಾಣುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಕ್ಕದ ಗರುಡಗಂಬ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಇಮ್ಮಡಿ ಬಲ್ಲಾಳ ತೀರಿದಾಗ ದಂಡನಾಯಕ ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಒಡೆಯನಿಗೆ ಪ್ರಾಣ ಮುಡಿಪಿಟ್ಟ ಆಳುಗಳಾದ ಗರುಡರು ಜೀವ ಕೊಟ್ಟರು. ಆ ಕಂಬದ ಮೇಲೆ ಕತ್ತಿ ಹಿಡಿದು ತಮ್ಮ ತಲೆ ತಾವೇ ಕಡಿದುಕೊಳ್ಳುವ ಆಳುಗಳನ್ನು ಕೆತ್ತಿದ್ದಾರೆ. ಇವರನ್ನು ಸೈನ್ಯದ ಅಧ್ಯಾಯದಲ್ಲಿಡಬೇಕೋ ಧರ್ಮದ ಅಧ್ಯಾಯದಲ್ಲಿಡಬೇಕೋ? ಷ. ಶೆಟ್ಟರ್ ಈ ತೊಡಕನ್ನು ಬೇರೊಂದು ಕಡೆ ದಾಟಿದರು. ಮನೆತನವನ್ನು ಬಿಟ್ಟು ಶ್ರವಣಬೆಳಗೊಳವೆಂಬ ಒಂದು ಬೆಟ್ಟವನ್ನೇ ಹಿಡಿದು, ಅಲ್ಲಿ ಸಲ್ಲೇಖನದ ಉಪವಾಸದಿಂದ ಸತ್ತವರ ನೆನಪಿನ ಕಲ್ಲುಗಳಾದ ನಿಸಿದಿಗಳನ್ನು ಓದಿದರು. ಅರಸರು ಬದಲಾಗುತ್ತಾರೆ, ಬೆಟ್ಟ ಉಳಿಯುತ್ತದೆ. ಸ್ಥಳವನ್ನು ಹಿಡಿದರೆ ಖಾನೆಗಳು ತಾವಾಗಿ ಸಡಿಲುತ್ತವೆ ಎಂಬುದನ್ನು ಅವರ ಕೆಲಸ ತೋರಿಸಿತು.

ಎಲ್ಲವನ್ನೂ ಬೆಸೆಯುವ ಉತ್ಸಾಹಕ್ಕೂ ಅಪಾಯವಿದೆ. ಬರ್ಟನ್ ಸ್ಟೈನ್ 1980ರಲ್ಲಿ ದಕ್ಷಿಣ ಭಾರತದ ಅರಸೊತ್ತಿಗೆಯನ್ನು ಮುಖ್ಯವಾಗಿ ವಿಧಿಗಳ ಬಲದ ಮೇಲೆ ನಿಂತದ್ದೆಂದು ಚಿತ್ರಿಸಿದರು. ಅವರ ಪ್ರಶ್ನೆ ದೊಡ್ಡದು. ಆದರೆ ಆಧಾರ ಬಹುಪಾಲು ತಮಿಳುನಾಡಿನದು, ಮತ್ತು ಶಾಸನಗಳನ್ನು ಸಾಲುಸಾಲಾಗಿ ಎಣಿಸಿದ ಕರಷಿಮಾ ಅವರಂಥವರ ಮುಂದೆ ಆ ಚಿತ್ರ ಪೂರ್ತಿ ನಿಲ್ಲಲಿಲ್ಲ. ರಿಚರ್ಡ್ ಈಟನ್ ಅವರ 'ಸೂಫೀಸ್ ಆಫ್ ಬಿಜಾಪುರ' (1978) ಆದಿಲ್‌ಶಾಹಿಯ ಸೂಫಿಗಳನ್ನು ಒಂದೇ ಗುಂಪಾಗಿ ನೋಡದೆ ಆಸ್ಥಾನಕ್ಕೆ ಹತ್ತಿರವಿದ್ದವರು, ಭೂಮಿ ಪಡೆದವರು, ದೂರ ಉಳಿದವರು ಎಂದು ಬಿಡಿಸಿತು. ನಮ್ಮ ಪ್ರಬಂಧಗಳಿಗೆ ಇದು ಒಳ್ಳೆಯ ಮಾದರಿ. ಆದರೆ ಆರಂಭದ ಸೂಫಿಗಳನ್ನು ಅವರು ಯೋಧರೆಂದು ಕರೆದದ್ದು ಬಹಳ ತಡವಾಗಿ ಬರೆದ ಸಂತಚರಿತ್ರೆಗಳ ಆಧಾರದ ಮೇಲೆ, ಆ ಭಾಗವನ್ನು ಕಾರ್ಲ್ ಅರ್ನ್‌ಸ್ಟ್ ಪ್ರಶ್ನಿಸಿದ್ದು ಸರಿಯೇ. ಆಕರ ಯಾವ ಕಾಲದ್ದು ಎಂಬ ಹಳೆಯ ಶಿಸ್ತನ್ನು ಹೊಸ ಪ್ರಶ್ನೆ ಕೇಳುವವರು ಕೈಬಿಡುವಂತಿಲ್ಲ. ಆ ಶಿಸ್ತು ಫ್ಲೀಟ್ ರೈಸರ ಪರಂಪರೆಯೇ ನಮಗೆ ಕಲಿಸಿದ್ದು.

ಇಂದು ಸಂಶೋಧನೆಗೆ ಸೇರುವ ಹುಡುಗ ಹುಡುಗಿಯರಿಗೆ ಮೊದಲು ಬೇಕಾದದ್ದು ಹಳಗನ್ನಡ ಶಾಸನವನ್ನು ಅಚ್ಚಿನ ಪಾಠದಲ್ಲಾದರೂ ಸ್ವಂತವಾಗಿ ಓದುವ ತರಬೇತಿ. ಸಾರಾಂಶದಿಂದ ಟಿಪ್ಪಣಿ ಮಾಡಿಕೊಂಡವರಿಗೆ ಬುಕ್ಕನ ಶಾಸನದಲ್ಲಿ ಇಪ್ಪತ್ತು ಆಳುಗಳು ಕಾಣುವುದೇ ಇಲ್ಲ. ಬಹಮನಿ, ಆದಿಲ್‌ಶಾಹಿ ಹಿಡಿಯುವವರಿಗೆ ಪಾರಸಿ ಬೇಕು, ಅದನ್ನು ಕಲಿಯಲು ಎರಡು ವರ್ಷ ಹೆಚ್ಚು ಹಿಡಿದರೂ ಕೊಡಬೇಕು. ಎರಡನೆಯದು, ಮಾರ್ಗದರ್ಶಕರು ಸಾರಲೇಖವನ್ನು ಒಪ್ಪುವಾಗಲೇ ಮನೆತನದ ಬದಲು ಒಂದು ಊರನ್ನೋ ಮಠವನ್ನೋ ಒಂದು ವ್ಯಾಜ್ಯವನ್ನೋ ಹಿಡಿಯಲು ಬಿಡಬೇಕು. 1439ರಲ್ಲಿ ಹಂಪಿಯಲ್ಲಿ ಅಹ್ಮದ್ ಖಾನ್ ಎಂಬುವನು ಇಮ್ಮಡಿ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಮಸೀದಿಯಿದೆ, ಶಾಸನ ಅದನ್ನು ಧರ್ಮಸಾಲೆ ಅನ್ನುತ್ತದೆ, ಪಕ್ಕದಲ್ಲಿ ಬಾವಿಯೂ ಇದೆ. ಸೈನ್ಯದಲ್ಲಿ ಮುಸಲ್ಮಾನರಿದ್ದರು ಎಂಬ ಒಂದು ಸಾಲಿಗೆ ಅಡಿಟಿಪ್ಪಣಿಯಾಗಿ ಬಳಸಿ ಅದನ್ನು ಬಿಟ್ಟುಬಿಡುವುದು ವಾಡಿಕೆ. ಆ ಒಂದು ಕಟ್ಟಡ, ಅದರ ಸುತ್ತಣ ಕೇರಿ, ಗೋರಿಗಳು, ಅಲ್ಲಿಂದ ಅರಮನೆಯ ಆವರಣಕ್ಕಿರುವ ದಾರಿ, ಇಷ್ಟನ್ನೇ ಹಿಡಿದು ಒಂದು ಪೂರ್ತಿ ಪ್ರಬಂಧ ಬರೆಯಬಹುದು.