ಘೋಷಣೆಗಳು ಹೇಳದ 72 ಗಂಟೆ

ಡಿಸೆಂಬರ್ 1ರ ಏಡ್ಸ್ ಜಾಥಾಗಳಿಗೆ ನಮ್ಮಲ್ಲಿ ಸಿಗುವ ಹೊಗಳಿಕೆ ಅತಿಯಾಯಿತು. ಆಸ್ಪತ್ರೆಯ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಕೂತ ಆಪ್ತಸಮಾಲೋಚಕರಿಗೆ ಸಲ್ಲಬೇಕಾದದ್ದು ಸಂದಿಲ್ಲ. ಬೀದಿನಾಟಕ, ಗೋಡೆಬರಹಗಳಿಂದ ಸೋಂಕು ಹರಡುವ ಬಗೆ ಜನಕ್ಕೆ ತಿಳಿಯಿತು, ಒಪ್ಪುತ್ತೇನೆ. ಆದರೆ ಮೊನ್ನೆ ರಾತ್ರಿ ಕಾಂಡೋಮ್ ಇಲ್ಲದೆ ಕೂಡಿ, ಇವತ್ತು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಪರೀಕ್ಷೆ ಮಾಡಿಸಲೋ ಬೇಡವೋ ಎಂದು ತಳಮಳಿಸುವವರಿಗೆ ‘ಎಚ್ಚರವಿರಲಿ’ ಎಂಬ ಘೋಷಣೆಯಲ್ಲಿ ಏನಿದೆ?

ಆಪ್ತಸಮಾಲೋಚನೆಯ ಒಂದೇ ಒಂದು ಪ್ರಶ್ನೆ ನೋಡಿ: ‘ಯಾವಾಗ ಆಯ್ತು?’ ಕೆಲಸ ಬಲ್ಲ ಸಮಾಲೋಚಕರು ಯಾರ ಜೊತೆ, ಯಾಕೆ ಎಂದು ಶುರುಮಾಡುವುದಿಲ್ಲ, ತಾರೀಖು ಕೇಳುತ್ತಾರೆ. ನಾಚಿಕೆಯಿಂದ ತಲೆತಗ್ಗಿಸಿ ಬಂದವರಿಗೂ ತಾರೀಖು ಹೇಳುವುದು ಕಷ್ಟವಲ್ಲ. ಮುಂದಿನದೆಲ್ಲ ಆ ಉತ್ತರದ ಮೇಲೆ ನಿಂತಿದೆ. 72 ಗಂಟೆ ಕಳೆದಿಲ್ಲವೆಂದರೆ ತಕ್ಷಣ ವೈದ್ಯರನ್ನು ಕಾಣಬೇಕು. ಸೋಂಕು ನೆಲೆಯೂರದಂತೆ ತಡೆಯುವ ಮಾತ್ರೆಗಳನ್ನು ಅಷ್ಟರೊಳಗೆ, ಆದಷ್ಟೂ ಬೇಗ ಆರಂಭಿಸಿ 28 ದಿನ ನುಂಗಬೇಕು. ಆ ಗಡುವು ದಾಟಿದ್ದರೆ ಲೆಕ್ಕ ಬೇರೆ. ತ್ವರಿತ ಪರೀಕ್ಷೆ ಹುಡುಕುವುದು ವೈರಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಕೆಲವು ವಾರ, ಕೆಲವರಲ್ಲಿ 90 ದಿನದವರೆಗೂ ಬೇಕು. ಹತ್ತನೆಯ ದಿನಕ್ಕೇ ಖಾಸಗಿ ಲ್ಯಾಬಿನಿಂದ ‘ನೆಗೆಟಿವ್’ ಚೀಟಿ ತಂದು ನಿರಾಳವಾದವರು ಮೋಸಹೋಗಬಹುದು. ಮೂರು ತಿಂಗಳಿಗೆ ಇನ್ನೊಮ್ಮೆ ಬನ್ನಿ ಎಂದು ಅವರನ್ನು ಕೂರಿಸಿ ಹೇಳುವವರು ಬೇಕು. ಜಾಥಾದ ಬ್ಯಾನರಿನಲ್ಲಿ ಇದಕ್ಕೆ ಜಾಗವಿಲ್ಲ.

ಮದುವೆಗೆ ಮೊದಲು ಪರೀಕ್ಷೆ ಕಡ್ಡಾಯವಾಗಲಿ ಎಂದು ಬರೆಯುವವರು ಈ ಲೆಕ್ಕವನ್ನೇ ಓದಿಲ್ಲ. ಒಂದೇ ಒಂದು ಪರೀಕ್ಷೆ ತೀರಾ ಇತ್ತೀಚಿನ ಸೋಂಕನ್ನು ಹಿಡಿಯದು. ಮೇಲಾಗಿ 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ; ತಿಳಿಸಿ ಪಡೆದ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ ಎನ್ನುತ್ತದೆ. ಇನ್ನು ಕೆಲವರು ಎಲ್ಲದಕ್ಕೂ ಜನರ ಅಂಜಿಕೆಯನ್ನೇ ದೂರುತ್ತಾರೆ. ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ಭದ್ರಾವತಿಯನ್ನೇ ನೋಡಿ, ಕಬ್ಬಿಣ ಮತ್ತು ಕಾಗದ ಕಾರ್ಖಾನೆಗಳ ಸುತ್ತ ಬೆಳೆದ ಊರು. ಕ್ವಾರ್ಟರ್ಸಿನಲ್ಲಿ ಅಕ್ಕಪಕ್ಕ ಬಾಳಿದವರು ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲೂ ಎದುರಾಗುತ್ತಾರೆ. ಅಲ್ಲಿಯವರೊಬ್ಬರು ಬಸ್ ಹತ್ತಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬಂದರೆ ಅದು ವಿವೇಕ. ಯಾವ ಊರಿನವರೂ ಯಾವ ಐಸಿಟಿಸಿಗಾದರೂ ಹೋಗಬಹುದು, ಪರೀಕ್ಷೆ ಉಚಿತ. ಏಡ್ಸ್ ಸಹಾಯವಾಣಿ 1097ಕ್ಕೆ ಕರೆಮಾಡಿದರೆ ಹೆಸರು ಹೇಳದೆಯೂ ವಿಚಾರಿಸಬಹುದು. ಅಂಜಿಕೆಯನ್ನು ಬೈಯುವ ಬದಲು ಇಷ್ಟನ್ನಾದರೂ ಬರೆಯಬಾರದೇ?

ಸಮಾಲೋಚನೆಯಲ್ಲೂ ಕೊರತೆಯಿದೆ. ಬಾಗಿಲು ಮುಚ್ಚದ ಕೋಣೆಯಲ್ಲಿ ಯಾರೂ ಬಾಯಿಬಿಡುವುದಿಲ್ಲ. ಆದರೂ ಅಲ್ಲಿ ಒಂದು ಸತ್ಯ ಕಿವಿಗೆ ಬೀಳುತ್ತದೆ: ಸೋಂಕು ಖಚಿತವಾದ ಎಲ್ಲರಿಗೂ 2017ರಿಂದ ಸರ್ಕಾರ ಉಚಿತ ಚಿಕಿತ್ಸೆ ಕೊಡುತ್ತಿದೆ, ಮಾತ್ರೆ ತಪ್ಪಿಸದೆ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದಿಲ್ಲ. ಪರೀಕ್ಷೆಗೆ ಹೋಗಲು ಇದಕ್ಕಿಂತ ಗಟ್ಟಿ ಕಾರಣ ಯಾವ ಜಾಥಾದಲ್ಲೂ ನನಗೆ ಕೇಳಿಸಿಲ್ಲ.