ನಕಾಶೆಯ ಬಣ್ಣ, ಕಡಲಿನ ಪದರ

ಕಡಲಿನ ಮೇಲ್ಮೈ ತಾಪಮಾನದ ನಕಾಶೆಗಳ ಮೇಲೆ ನನಗೆ ಪ್ರೀತಿಯಿದೆ. ಅವುಗಳನ್ನು ಓದುವ ರೂಢಿಯ ಮೇಲೆ ತಕರಾರಿದೆ. ಕೆಂಪಾದರೆ ಕಡಲು ಕಾದಿದೆ, ನೀಲಿಯಾದರೆ ತಣ್ಣಗಿದೆ, ಆರ್ಕ್ಟಿಕ್‌ನಲ್ಲಿ ಬಿಳಿ ಉಳಿದಷ್ಟೂ ಹಿಮ ಕ್ಷೇಮ. ನಮ್ಮ ಚರ್ಚೆ ಈ ಓದನ್ನು ದಾಟುವುದು ಅಪರೂಪ. ಕಡಲಿನ ಗತಿಯನ್ನು ಮೇಲ್ಮೈಯ ಬಿಸಿಯೊಂದೇ ನಿರ್ಧರಿಸುವುದಿಲ್ಲ, ನೀರಿನ ಪದರಗಳು ಒಂದರ ಮೇಲೊಂದು ಕೂತ ಬಗೆಯೂ ನಿರ್ಧರಿಸುತ್ತದೆ ಎಂಬುದು ನನ್ನ ವಾದ. ಅದರಲ್ಲಿ ಉಪ್ಪಿನ ಪಾಲು ದೊಡ್ಡದು.

ದಕ್ಷಿಣ ಗೋವಾದ ಕಾಣಕೋಣದ ಕರಾವಳಿಯನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಆಳದ ತಣ್ಣೀರು ಪಶ್ಚಿಮ ತೀರದತ್ತ ಏರಿಬರುತ್ತದೆ. ಕೇರಳದ ದಕ್ಷಿಣದಲ್ಲಿ ಅದು ಮೇಲ್ಮೈಯನ್ನೇ ತಂಪಾಗಿಸುವುದರಿಂದ ನಕಾಶೆಗೆ ಸಿಗುತ್ತದೆ. ಗೋವಾ, ಕಾರವಾರಗಳ ಎದುರು ಹಾಗಾಗುವುದಿಲ್ಲ. ಕಡಲ ಮೇಲೆ ಬಿದ್ದ ಮಳೆ, ತಳಪಣ, ಗಾಲ್ಜಿಬಾಗ, ಕಾಳಿಯಂಥ ಹೊಳೆಗಳು ತಂದ ಸಿಹಿನೀರು, ಎಲ್ಲ ಸೇರಿ ಕೆಲವೇ ಮೀಟರ್ ದಪ್ಪದ ಹಗುರ ಪದರವಾಗಿ ತಣ್ಣೀರನ್ನು ಕೆಳಗೇ ತಡೆಯುತ್ತದೆ. ಮೇಲೆ ಬೆಚ್ಚಗಿನ ನೀರು, ಅದರಡಿಯಲ್ಲಿ ಆಮ್ಲಜನಕ ಕಳೆದುಕೊಂಡ ತಣ್ಣನೆಯ ನೀರು. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು ಈ ಉಸಿರುಗಟ್ಟಿದ ನೀರಿನ ಕುರಿತು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಹಡಗಿನಿಂದ ಇಳಿಸಿದ ಉಪಕರಣ ಹೇಳಿದ ಈ ಸಂಗತಿಯನ್ನು ಮೇಲ್ಮೈಯ ಬಣ್ಣ ಹೇಳಲಾರದು.

ಉಪಗ್ರಹದ ಇನ್ಫ್ರಾರೆಡ್ ಕಣ್ಣಿಗೆ ಕಾಣುವುದು ಕೂದಲೆಳೆಗಿಂತ ತೆಳುವಾದ ನೀರಿನ ಚರ್ಮ ಮಾತ್ರ. ಮೋಡ ಕವಿದರೆ ಅದೂ ಇಲ್ಲ. ಮೈಕ್ರೋವೇವ್ ಮೋಡವನ್ನು ದಾಟುತ್ತದೆ, ಆದರೆ ದಡದ ಹತ್ತಿರ ನೆಲದ ಸಂಕೇತ ಬೆರೆತು ಕೆಡುತ್ತದೆ. ಹೀಗಾಗಿ ಜುಲೈ ತಿಂಗಳ ನಕಾಶೆಯಲ್ಲಿ ಕಾಣಕೋಣದ ಪಾಳೊಳೆ ಎದುರಿನ ಬಣ್ಣ ಎಷ್ಟೋ ಸಲ ಅಳತೆಯಲ್ಲ, ಖಾಲಿ ಜಾಗ ತುಂಬಿದ ಲೆಕ್ಕಾಚಾರ.

ಹಾಗಾದರೆ ನಕಾಶೆ ನಿರುಪಯೋಗಿಯೇ? ಖಂಡಿತ ಅಲ್ಲ. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರ ಇನ್‌ಕಾಯ್ಸ್ ಮೇಲ್ಮೈ ತಾಪಮಾನವನ್ನೂ ಕ್ಲೋರೋಫಿಲ್ಲನ್ನೂ ಜೋಡಿಸಿ ಮೀನು ಸಿಗಬಹುದಾದ ವಲಯಗಳನ್ನು ಸೂಚಿಸುತ್ತದೆ; ತಿಳಿಯಾದ ಆಕಾಶದ ದಿನಗಳಲ್ಲಿ ಅದು ಬೆಲೆಬಾಳುವ ಸೇವೆ. ಆದರೆ ಜುಲೈ 31ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಇಳಿಯುವ ಹೊತ್ತಿಗೆ ತಳದ ಮೀನು ಎಲ್ಲಿ ನಿಲ್ಲಬಲ್ಲದು ಎಂಬುದನ್ನು ಕೆಳಗಿನ ಆಮ್ಲಜನಕವೂ ತೀರ್ಮಾನಿಸುತ್ತದೆ.

ಆರ್ಕ್ಟಿಕ್‌ನಲ್ಲಿ ಇದೇ ಕಟ್ಟು ತಿರುಗುಮುರುಗಾಗಿದೆ: ಮೇಲೆ ತಣ್ಣನೆಯ ಕಡಿಮೆ ಉಪ್ಪಿನ ನೀರು, ಕೆಳಗೆ ಅಟ್ಲಾಂಟಿಕ್‌ನಿಂದ ಬಂದ ಬೆಚ್ಚಗಿನ ಉಪ್ಪುನೀರು. ನಡುವಿನ ತಡೆ ಸಡಿಲವಾದರೆ ಹಿಮ ಅಡಿಯಿಂದ ಕರಗುತ್ತದೆ. ಯುರೇಷಿಯಾ ಬದಿಯಲ್ಲಿ ಈ ಸಡಿಲಿಕೆ ದಾಖಲಾಗಿದೆ. ಹಿಮದ ವಿಸ್ತಾರದ ಲೆಕ್ಕವಾದರೋ ಶೇಕಡಾ 15 ಹಿಮವಿರುವ ಚೌಕವನ್ನೂ ಪೂರ್ತಿ ಹಿಮವೆಂದೇ ಎಣಿಸುತ್ತದೆ. ದಪ್ಪದ ಬಗ್ಗೆ ಏನೂ ಹೇಳುವುದಿಲ್ಲ. 2012ರ ಸೆಪ್ಟೆಂಬರಿನಲ್ಲಿ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿಯಿತು. 2025ರವರೆಗೂ ಆ ದಾಖಲೆ ಮುರಿಯದ್ದನ್ನು ಕಂಡು ಕರಗುವಿಕೆ ನಿಂತಿತು ಎನ್ನುವವರೂ, ಪ್ರತಿ ಬೇಸಿಗೆಯಲ್ಲಿ ಹೊಸ ದಾಖಲೆಯನ್ನೇ ಕಾಯುವವರೂ ಒಂದೇ ತಪ್ಪು ಮಾಡುತ್ತಾರೆ: ಇಬ್ಬರೂ ಕಡಲನ್ನು ಮೇಲ್ಮೈಗೆ ಇಳಿಸುತ್ತಾರೆ.

ನಮ್ಮ ವಿಜ್ಞಾನಿಗಳು ಈ ತಪ್ಪು ಮಾಡಿಲ್ಲ. ಭಾರತ 2014ರಲ್ಲಿ ಸ್ವಾಲ್ಬಾರ್ಡಿನ ಫಿಯೋರ್ಡಿನಲ್ಲಿ ಇಳಿಸಿದ ಇಂಡಾರ್ಕ್ ಎಂಬ ವೀಕ್ಷಣಾ ಉಪಕರಣ ಅಳೆಯುವುದು ನೀರಿನೊಳಗಿನ ತಾಪವನ್ನೂ ಉಪ್ಪನ್ನೂ. ಓದುಗರಿಗೂ ಅಷ್ಟೇ ಸಲ್ಲಬೇಕು. ನಕಾಶೆ ಮುದ್ರಿಸುವ ಪತ್ರಿಕೆ ಅದು ಯಾವ ವರ್ಷಗಳ ಸರಾಸರಿಗೆ ಹೋಲಿಸಿದ್ದು, ಎಲ್ಲಿ ಅಳತೆ, ಎಲ್ಲಿ ಅಂದಾಜು ಎಂಬುದನ್ನು ಹೇಳಲಿ; ಆಳದ ಒಂದು ರೇಖೆಯನ್ನೂ ಪಕ್ಕದಲ್ಲಿ ಕೊಡಲಿ. ಅದಿಲ್ಲದೆ ಕಾಣಕೋಣದ ಮೀನುಗಾರರ ಬದುಕಿನ ಬಗ್ಗೆಯಾಗಲಿ, ಧ್ರುವದ ಹಿಮದ ಬಗ್ಗೆಯಾಗಲಿ ತೀರ್ಪು ಕೊಡುವ ಹಕ್ಕು ಬಣ್ಣಕ್ಕಿಲ್ಲ.